ಬಾಕಿ ಚುಕ್ತಾ ಆದ ಮರುದಿನ

ಮಲೆನಾಡಿನಲ್ಲಿ ಅಂಗಡಿ ಇಟ್ಟವರು ವ್ಯಾಪಾರದ ಯೋಜನೆ ಹಾಕುವುದು ಮಳೆ ನಕ್ಷತ್ರ ನೋಡಿಕೊಂಡು. ರೋಹಿಣಿ ಮಳೆ ಮುಗಿಯುವುದರೊಳಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ, ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ ಅಂಗಡಿಗೆ ಬಂದು ಬಿದ್ದಿರಬೇಕು. ಮೃಗಶಿರ ಹಿಡಿಯಿತು ಅಂದರೆ ತೋಟದವರು ಒಬ್ಬೊಬ್ಬರಾಗಿ ಪೇಟೆಗೆ ಬರುತ್ತಾರೆ. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಈ ಲೆಕ್ಕ ಇಲ್ಲಿನ ಅಂಗಡಿಯವರಿಗೆಲ್ಲ ಬಾಯಿಪಾಠ. ಯಾರ ತೋಟಕ್ಕೆ ಎಷ್ಟು ಡ್ರಮ್ಮು ಔಷಧಿ ಹಿಡಿಯುತ್ತದೆ ಅನ್ನುವುದೂ ಬಾಯಿಪಾಠ. ಮೊದಲ ಸಲ ಹೊಡೆದು 40–45 ದಿನಕ್ಕೆ ಎರಡನೇ ಔಷಧಿ. ಅಷ್ಟರಲ್ಲಿ ಇನ್ನೊಂದು ಲೋಡ್ ಇಳಿದಿರಬೇಕು. ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿರುವಾಗ ತೋಟದಲ್ಲಿ ಕೊಳೆ ಕಾಣಿಸಿಕೊಂಡು ಗಿರಾಕಿ ಓಡಿಬಂದರೆ, "ಇಲ್ಲ, ನಾಳೆ ಬರ್ತದೆ" ಅಂದಿರೋ ಕೆಟ್ಟಿತು. ಆತ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಮೈಲುತುತ್ತದ ಜೊತೆಗೆ ಸಕ್ಕರೆ, ಬೆಲ್ಲವನ್ನೂ ಕಟ್ಟಿಸಿಕೊಳ್ಳುತ್ತಾನೆ. ಮುಂದಿನ ತಿಂಗಳ ಪಟ್ಟಿಯೂ ಅಲ್ಲಿಗೇ ಹೋಗುತ್ತದೆ.

ನಾನು ಕೆಲವು ವರ್ಷ ಶಿವಮೊಗ್ಗದ ಡಿಸ್ಟ್ರಿಬ್ಯೂಟರ್ ಒಬ್ಬರ ಹತ್ತಿರ ಲೈನ್ ಸೇಲ್ಸ್‌ಮನ್ ಆಗಿದ್ದೆ. ಸೋಪು, ಟೀಪುಡಿ, ಬಿಸ್ಕೆಟ್. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನನ್ನ ಬೀಟು. ಆ ಕೆಲಸ ಬಿಟ್ಟು ಬಹಳ ಕಾಲವಾಯಿತು. ಆದರೂ ಯಾವ ಅಂಗಡಿಗೆ ಹೋದರೂ ಮೊದಲು ಶೆಲ್ಫಿನ ಹಿಂದಿನ ಸಾಲು ನೋಡುವ ಚಾಳಿ ಹೋಗಿಲ್ಲ. ಹಿಂದಿನ ಸಾಲಿನಲ್ಲಿ ಧೂಳು ಕೂತಿದೆ ಅಂದರೆ ಯಾರೋ ಸೇಲ್ಸ್‌ಮನ್ ಮಾತಿಗೆ ಮರುಳಾಗಿ ತುಂಬಿಸಿಕೊಂಡಿದ್ದಾರೆ ಅಂತಲೇ ಲೆಕ್ಕ.

ಕಂಪನಿಯ ಕ್ಯಾಲೆಂಡರ್ ಬೇರೆ, ಅಂಗಡಿಯ ಕ್ಯಾಲೆಂಡರ್ ಬೇರೆ. ನಮಗೆ ತಿಂಗಳ ಕೊನೆ ಅಂದರೆ ಟಾರ್ಗೆಟ್. ಮಾರ್ಚ್ ಕೊನೆ ಅಂದರಂತೂ ಊಟ ಸೇರುತ್ತಿರಲಿಲ್ಲ. ಡಜನ್‌ಗೆ ಒಂದು ಫ್ರೀ, ಕೇಸಿಗೆ ಇಷ್ಟು ಡಿಸ್ಕೌಂಟ್ ಅಂತ ಸ್ಕೀಮ್ ಹಿಡಿದುಕೊಂಡು ಅಂಗಡಿ ಅಂಗಡಿ ಹತ್ತುತ್ತಿದ್ದೆವು. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಗಲ್ಲಾದಿಂದ ಏಳದೆ ಹೇಳುತ್ತಿದ್ದರು, "ನಿಮ್ಮ ವರ್ಷ ಮುಗೀತು ಮಾರಾಯ್ರೆ, ನನ್ನ ಗಿರಾಕಿದು ಇನ್ನೂ ಶುರುವೇ ಆಗ್ಲಿಲ್ಲ. ಎರಡು ಡಜನ್ ಇಟ್ಟು ಹೋಗಿ."

ಅವರ ಲೆಕ್ಕ ಸರಳ. 10,000 ರೂಪಾಯಿಯ ಸೋಪು ತಂದರೆ 1,000 ಲಾಭ ಅಂದುಕೊಳ್ಳಿ. ತಿಂಗಳಿಗೊಮ್ಮೆ ಖಾಲಿಯಾದರೆ ಅದೇ 10,000 ವರ್ಷಕ್ಕೆ 12,000 ದುಡಿಯುತ್ತದೆ. ಆರು ತಿಂಗಳಿಗೊಮ್ಮೆ ಖಾಲಿಯಾದರೆ ದುಡಿಮೆ ಎರಡೇ ಸಾವಿರ. ಸ್ಕೀಮಿನಲ್ಲಿ ಸಿಕ್ಕ ಫ್ರೀ ಸೋಪು ಈ ನಷ್ಟ ತುಂಬುವುದಿಲ್ಲ. ಅದರ ಮೇಲೆ ನಮ್ಮ ಮಳೆಗಾಲ ಬೇರೆ. ಬಿಸ್ಕೆಟ್ ಮೆತ್ತಗಾಗುತ್ತದೆ, ಸಕ್ಕರೆ ನೀರೊಡೆಯುತ್ತದೆ, ಪ್ಯಾಕೆಟ್ಟಿನ ಮೇಲೆ ಬೂಸ್ಟು ಬರುತ್ತದೆ. ಅದಕ್ಕೇ ಬುದ್ಧಿವಂತರು ಮಳೆಗಾಲಕ್ಕೆ ಎರಡು ಪಟ್ಟಿ ಮಾಡುತ್ತಿದ್ದರು. ಮೊದಲನೆಯದು ಮಳೆ ಹಿಡಿಯುವ ಮುಂಚೆ ಮೂಟೆಗಟ್ಟಲೆ ತರಿಸಬೇಕಾದ್ದು: ಒಣಮೆಣಸು, ಬೆಲ್ಲ, ಈರುಳ್ಳಿ, ಉಪ್ಪು, ಒಣಮೀನು, ಛತ್ರಿ. ಎರಡನೆಯದು ನವರಾತ್ರಿ ತನಕ ಕೈ ಬಿಗಿ ಹಿಡಿಯಬೇಕಾದ್ದು. ನನ್ನ ಮಾಲು ಹೆಚ್ಚಾಗಿ ಎರಡನೇ ಪಟ್ಟಿಯಲ್ಲೇ ಇರುತ್ತಿತ್ತು!

ಗಿರಾಕಿಗಳ ಜೇಬು ತುಂಬುವ ದಿನವೂ ಒಂದೇ ಅಲ್ಲ. ಅಡಿಕೆ ಬೆಳೆಗಾರರಿಗೆ ದುಡ್ಡು ಕಾಣುವುದು ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿದ ಮೇಲೆ. ಆಗಲೂ ಎಲ್ಲರೂ ಮಾರುವುದಿಲ್ಲ. ದರ ಬರಲಿ ಅಂತ ಮೂಟೆ ಕಟ್ಟಿ ಇಡುತ್ತಾರೆ. ತೋಟದ ಕೆಲಸಕ್ಕೆ ಹೋಗುವವರ ಮನೆಗೆ ವಾರದ ಬಟವಾಡೆ. ಅವರ ಕೊಳ್ಳುವಿಕೆಯೂ ವಾರದ್ದೇ: ಕಾಲು ಕೆಜಿ ಎಣ್ಣೆ, ಸಾಲಾಗಿ ತೂಗುಹಾಕಿದ ಶಾಂಪೂ ಸ್ಯಾಶೆಯಲ್ಲಿ ನಾಲ್ಕು, ನೂರು ಗ್ರಾಮಿನ ಟೀಪುಡಿ. ಮೇಷ್ಟ್ರು, ಬ್ಯಾಂಕಿನವರು, ಪಿಂಚಣಿಯವರಿಗೆ ತಿಂಗಳ ಮೊದಲ ವಾರ. ಈಗ ಇದಕ್ಕೆ ಇನ್ನೊಂದು ಸೇರಿದೆ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಗಸರ ಖಾತೆಗೇ ಬರುತ್ತಿದೆ. ಅದು ಬಂದ ದಿನ ಹಳ್ಳಿ ಅಂಗಡಿಯಲ್ಲಿ ಗೊತ್ತಾಗಿಬಿಡುತ್ತದಂತೆ. ಒಬ್ಬ ಅಂಗಡಿಯಾಕೆ ಹೇಳಿದ್ದು, "ಅವತ್ತು ಸಣ್ಣ ಪ್ಯಾಕೆಟ್ ಯಾರೂ ಕೇಳೋದಿಲ್ಲ, ಎಲ್ಲ ದೊಡ್ಡ ಪ್ಯಾಕೆಟ್ಟೇ." ಈ ಜೇಬುಗಳನ್ನೆಲ್ಲ ಬೇರೆ ಬೇರೆ ಓದಲು ಬರದವರು ಎಷ್ಟು ಚೆಂದ ಬೋರ್ಡು ಬರೆಸಿದರೂ ಕಷ್ಟವೇ.

ಈಗ ಉದ್ರಿ ವಿಷಯಕ್ಕೆ ಬರುತ್ತೇನೆ. "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡು ಹಾಕಿದ ಅಂಗಡಿಯಲ್ಲೂ ಗಲ್ಲಾದ ಕೆಳಗೆ ಉದ್ದನೆಯ ಲೆಕ್ಕದ ಪುಸ್ತಕ ಇರುತ್ತದೆ. ಬೋರ್ಡು ಅಪರಿಚಿತರಿಗೆ, ಪುಸ್ತಕ ಖಾಯಂ ಗಿರಾಕಿಗೆ. ವರ್ಷಕ್ಕೊಮ್ಮೆ ದುಡ್ಡು ಬರುವ ಊರಿನಲ್ಲಿ ಉದ್ರಿ ಕೊಡದೆ ಅಂಗಡಿ ನಡೆಯುವುದಿಲ್ಲ. ಮಗಳ ಮದುವೆಯ ಜವಳಿ, ಮನೆ ಹೊದಿಸುವ ಹೆಂಚು, ಮಕ್ಕಳ ಪಟ್ಟಿಪುಸ್ತಕ ಎಲ್ಲವೂ ಪುಸ್ತಕದ ಒಂದು ಪುಟಕ್ಕೆ ಹೋಗಿ ಕೂರುತ್ತವೆ. ಅಡಿಕೆ ಕೊಟ್ಟ ಮೇಲೆ ಚುಕ್ತಾ.

ಹಳಬರು ಇದನ್ನು ನಂಬಿಕೆ, ವಿಶ್ವಾಸ ಅಂತೆಲ್ಲ ಹೇಳುತ್ತಾರೆ. ನನಗೆ ಅದರಲ್ಲಿ ಅರ್ಧ ಮಾತ್ರ ಒಪ್ಪಿಗೆ. ಉದ್ರಿ ದರ, ನಗದು ದರ ಅಂತ ಒಂದೇ ಸಕ್ಕರೆಗೆ ಎರಡು ದರ ಇದ್ದ ಅಂಗಡಿಗಳನ್ನು ನಾನು ನೋಡಿದ್ದೇನೆ. ಬಡ್ಡಿ ಬಾಯಲ್ಲಿ ಇರುವುದಿಲ್ಲ, ತಕ್ಕಡಿಯಲ್ಲಿ ಇರುತ್ತದೆ. ಬಾಕಿ ಬೆಳೆದುಹೋದ ಕೂಲಿಯ ಮನೆಯವರು ಬೇರೆ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಹತ್ತಿದರೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಅಂಗಡಿಯ ಮುಂದೆ ಹಾದು ಹೋಗಲು ಆಗದೆ ಗದ್ದೆ ಬದುವಿನ ಮೇಲೆ ಸುತ್ತು ಹಾಕಿ ಬಸ್ಸಿಗೆ ಬರುತ್ತಿದ್ದವರು ಇದ್ದರು. ಅಂಥವರನ್ನೂ ಅಂಗಡಿಯವರು ನನ್ನ ಹತ್ತಿರ "ನಮ್ಮ ಖಾಯಂ ಗಿರಾಕಿ" ಅಂತಲೇ ಹೇಳುತ್ತಿದ್ದರು. ತಿಂಗಳು ತಿಂಗಳು ತಪ್ಪದೆ ಬರುತ್ತಾರೆ, ಲೆಕ್ಕದಲ್ಲಿ ಮೊದಲ ಸಾಲಿನ ಗಿರಾಕಿ. ಅವರನ್ನು ಕಟ್ಟಿ ಹಾಕಿದ್ದು ಮಾತ್ರ ಪುಸ್ತಕದ ಪುಟ.

ಆದ್ದರಿಂದ ನಾನು ಖಾಯಂ ಗಿರಾಕಿಯನ್ನು ಗುರುತಿಸಲು ಬೇರೆ ದಿನ ನೋಡುತ್ತೇನೆ. ಬಾಕಿ ಪೂರ್ತಿ ಚುಕ್ತಾ ಆದ ಮರುದಿನ ಆತ ಯಾವ ಅಂಗಡಿಗೆ ಹೋಗುತ್ತಾನೆ? ಅವತ್ತು ಅವನನ್ನು ಹಿಡಿಯುವ ದಾರ ಯಾವುದೂ ಇಲ್ಲ. ಜೇಬಿನಲ್ಲಿ ಅಡಿಕೆ ದುಡ್ಡಿದೆ. ಶಿವಮೊಗ್ಗದ ಬಸ್ಸು ಹತ್ತಿ ಗಾಂಧಿ ಬಜಾರಿಗೆ ಹೋದರೆ ಇನ್ನೂ ಎರಡು ರೂಪಾಯಿ ಕಡಿಮೆಗೆ ಸಿಗುತ್ತದೆ. ಬಟ್ಟೆ ಬೇಕಾದರೆ ದುರ್ಗಿಗುಡಿ ಇದೆ. ಆದರೂ ಅವತ್ತು ಇದೇ ಅಂಗಡಿಗೆ ಬಂದು ಪಟ್ಟಿ ಕೊಟ್ಟರೆ, ಸರಿ, ಆತ ಗಿರಾಕಿ. ಅಂಗಡಿಯವರು ಎಚ್ಚರದಿಂದ ನೋಡಬೇಕಾದ್ದೂ ಅವತ್ತಿನ ಗಲ್ಲಾವನ್ನೇ.

ಪಾಯಿಂಟ್ ಕಾರ್ಡುಗಳಿಗೂ ಇದೇ ಪರೀಕ್ಷೆ ಹಾಕಬಹುದು. ಕಾರ್ಡಿನ ಕೆಲಸ ಹೇಗೆ ನಡೆಯುತ್ತದೆ ಎಂದು ಅಮೆರಿಕದಲ್ಲಿ ಚೆನ್ನಾಗಿ ಅಳೆದು ನೋಡಿದ್ದಾರೆ. ಜೋಸೆಫ್ ನ್ಯೂನ್ಸ್ ಮತ್ತು ಝೇವಿಯರ್ ಡ್ರೆಜ್ ಎಂಬ ಇಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ತಮಾಷೆಯದ್ದು. ಕಾರು ತೊಳೆಯುವ ಕಡೆ ಕೆಲವರಿಗೆ ಎಂಟು ಮುದ್ರೆ ಬಿದ್ದರೆ ಒಂದು ಸಲ ಉಚಿತ ಅಂತ ಕಾರ್ಡು ಕೊಟ್ಟರು. ಉಳಿದವರಿಗೆ ಹತ್ತು ಮುದ್ರೆಯ ಕಾರ್ಡು, ಆದರೆ ಎರಡು ಮೊದಲೇ ಒತ್ತಿ ಕೊಟ್ಟಿದ್ದು. ಇಬ್ಬರಿಗೂ ಬೇಕಾದ್ದು ಎಂಟೇ. ಮೊದಲ ಗುಂಪಿನಲ್ಲಿ ಶೇ. 19 ಜನ ಕಾರ್ಡು ತುಂಬಿಸಿದರು, ಎರಡನೆಯದರಲ್ಲಿ ಶೇ. 34. ಶುರುವಾಗಿಬಿಟ್ಟಿದೆ ಅನ್ನಿಸಿದರೆ ಮನುಷ್ಯ ಮುಗಿಸಲು ಓಡುತ್ತಾನೆ. ಅದೇ ವರ್ಷ ರಾನ್ ಕಿವೆಟ್ಸ್ ಮತ್ತು ಜೊತೆಗಾರರು ಕಾಫಿ ಕಾರ್ಡಿನ ಬಗ್ಗೆ ಬರೆದರು. ಉಚಿತ ಕಾಫಿ ಹತ್ತಿರವಾದಂತೆ ಜನ ಬೇಗ ಬೇಗ ಬರುತ್ತಾರೆ. ಅದನ್ನು ಕುಡಿದು ಹೊಸ ಕಾರ್ಡು ಹಿಡಿದ ಮೇಲೆ ಮತ್ತೆ ನಿಧಾನ. ಅಂದರೆ ಚುಕ್ತಾ ಆದ ಮರುದಿನ ಕಾರ್ಡಿನ ಜೋರು ಇಳಿಯುತ್ತದೆ. ಉದ್ರಿಯಲ್ಲಿ ಗಿರಾಕಿ ಅಂಗಡಿಗೆ ಬಾಕಿ, ಪಾಯಿಂಟಿನಲ್ಲಿ ಅಂಗಡಿ ಗಿರಾಕಿಗೆ ಬಾಕಿ. ಹಗ್ಗ ಹಿಡಿದವರು ಬೇರೆ, ಅಷ್ಟೇ.

ಹಾಗಾದರೆ ದೊಡ್ಡ ಅಂಗಡಿಗಳು ಕಾರ್ಡು ಯಾಕೆ ಬಿಡುವುದಿಲ್ಲ? ಬ್ರಿಟನ್ನಿನ ಟೆಸ್ಕೋ 1995ರಲ್ಲಿ ಕ್ಲಬ್‌ಕಾರ್ಡ್ ಶುರು ಮಾಡಿತು. ಗಿರಾಕಿಗೆ ಸಿಗುವ ಪಾಯಿಂಟ್ ಚಿಲ್ಲರೆ. ಟೆಸ್ಕೋಗೆ ಸಿಕ್ಕಿದ್ದು ಯಾವ ಮನೆ, ಯಾವಾಗ, ಏನು ಕೊಳ್ಳುತ್ತದೆ ಎಂಬ ಮಾಹಿತಿ. ಯಾರಿಗೆ ಯಾವ ಕೂಪನ್ ಕಳಿಸಬೇಕು ಎನ್ನುವುದು ಅದರಿಂದ ತಿಳಿಯಿತು. ನಮ್ಮ ಊರಿನ ಅಂಗಡಿಯವರು ತಲೆಯಲ್ಲಿ ಮತ್ತು ಪುಸ್ತಕದಲ್ಲಿ ಇಟ್ಟುಕೊಂಡಿದ್ದು ಅದನ್ನೇ ಅಲ್ವಾ? ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಗೆ ದೀಪಾವಳಿಗೆ ಬೆಂಗಳೂರಿನ ಮಕ್ಕಳು ಬರುತ್ತಾರೆ. ದುಃಖದ ವಿಷಯ ಏನೆಂದರೆ, ಈ ಮಾಹಿತಿ ಇಟ್ಟುಕೊಂಡೂ ಎಷ್ಟೋ ಜನ ಅದನ್ನು ವಸೂಲಿಗೆ ಮಾತ್ರ ಬಳಸಿದರು. ಸ್ಟಾಕ್ ತರಿಸಲು ಬಳಸಲಿಲ್ಲ.

ಕಾರ್ಡೇ ಇಲ್ಲದೆ ಬೆಳೆದವರೂ ಇದ್ದಾರೆ. ಡಿ-ಮಾರ್ಟ್ 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಮೊದಲ ಅಂಗಡಿ ತೆರೆಯಿತು. ಅದರ ಲೆಕ್ಕ ಹಳೆ ಕಾಲದ ಶೆಟ್ಟರ ಲೆಕ್ಕ. ಬಾಡಿಗೆ ಕಟ್ಟಡಕ್ಕೆ ಹೋಗದೆ ಹೆಚ್ಚಾಗಿ ಸ್ವಂತ ಕಟ್ಟಡ. ಮಾಲು ಕೊಟ್ಟವರಿಗೆ ಬೇಗ ದುಡ್ಡು. ಬೇಗ ದುಡ್ಡು ಕೊಡುವವರಿಗೆ ಕಡಿಮೆ ದರ. ಆ ಕಡಿಮೆ ದರ ಗಿರಾಕಿಗೆ, ಹಬ್ಬಕ್ಕೊಮ್ಮೆ ಅಲ್ಲ, ದಿನವೂ. ಅದಕ್ಕಿಂತ ಒಂದು ವರ್ಷ ಮೊದಲು, 2001ರಲ್ಲಿ ಶುರುವಾದ ಬಿಗ್ ಬಜಾರ್‌ನಲ್ಲಿ ಆಫರುಗಳಿಗೆ ಕೊರತೆ ಇರಲಿಲ್ಲ. ಜನವರಿ 26ರ ಸೇಲಿಗೆ ಜನ ಮುಗಿಬಿದ್ದು ಬರುತ್ತಿದ್ದರು. ಗಿರಾಕಿಗಳಿಗೆ ಅದರ ಮೇಲೆ ಪ್ರೀತಿಯೂ ಇತ್ತು. ಆದರೆ ಸಾಲ ಬೆಳೆದು, ಬಾಡಿಗೆ ಬಾಕಿ ಬಿದ್ದು, 2022ರಲ್ಲಿ ಅಂಗಡಿಗಳು ರಿಲಯನ್ಸ್ ಕೈಗೆ ಹೋದವು. ಖಾಯಂ ಗಿರಾಕಿ ಇದ್ದರೆ ಸಾಕು ಎನ್ನುವವರಿಗೆ ನಾನು ಇದನ್ನು ನೆನಪಿಸುತ್ತೇನೆ. ಗಿರಾಕಿಯ ಎದುರು ನಗುವ ಅಂಗಡಿ ಹಿಂಬಾಗಿಲಲ್ಲಿ ಡೀಲರಿಗೆ ದುಡ್ಡು ಕೊಡದಿದ್ದರೆ ಸ್ವಲ್ಪ ದಿನಕ್ಕೇ ಶೆಲ್ಫ್ ಬೋಳಾಗುತ್ತದೆ. ಸೇಲ್ಸ್‌ಮನ್ ಆಗಿ ಈ ಮಾತನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ. ಮಾಲು ಕಡಿಮೆ ಬಂದ ವಾರ ನಾವು ಮೊದಲು ಇಳಿಸುತ್ತಿದ್ದುದು ಚೆಕ್ ಬೌನ್ಸ್ ಆಗದ ಅಂಗಡಿಗೆ.

ಇನ್ನೊಂದು ಕಹಿ ಮಾತೂ ಇದೆ. ಆಂಡ್ರ್ಯೂ ಎಹ್ರೆನ್‌ಬರ್ಗ್ ಎಂಬ ಸಂಖ್ಯಾತಜ್ಞರು ಬಹಳ ವರ್ಷ ಜನರ ಕೊಳ್ಳುವ ಅಭ್ಯಾಸವನ್ನು ಲೆಕ್ಕ ಹಾಕಿದವರು. ಅವರು ಮತ್ತೆ ಮತ್ತೆ ತೋರಿಸಿದ್ದು ಇದು: ಸಣ್ಣ ಬ್ರಾಂಡಿಗೆ ಗಿರಾಕಿಗಳು ಕಡಿಮೆ, ಇದ್ದವರೂ ಸ್ವಲ್ಪ ಕಡಿಮೆ ಸಲವೇ ಕೊಳ್ಳುತ್ತಾರೆ. ಎರಡೂ ಕಡೆಯಿಂದ ಪೆಟ್ಟು. ಅಂಗಡಿಗಳಿಗೂ ಇದು ಬಹಳ ಮಟ್ಟಿಗೆ ಅನ್ವಯಿಸುತ್ತದೆ. "ನಮ್ಮವರು ಕೆಲವರು ಸಾಕು, ಅವರೇ ನಮ್ಮನ್ನು ಸಾಕುತ್ತಾರೆ" ಅನ್ನುವುದು ಕೇಳಲು ಚೆಂದ. ಆದರೆ ಆ 'ನಮ್ಮವರು' ಸಹ ಮೂರು ಅಂಗಡಿ ಸುತ್ತುತ್ತಾರೆ. ಮಲೆನಾಡಿನಲ್ಲಿ ಇದು ಇನ್ನೂ ಕಷ್ಟ. ಹಳ್ಳಿ ಮನೆಗಳಲ್ಲಿ ಉಳಿದವರು ವಯಸ್ಸಾದವರು. ಪಟ್ಟಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದೆ. ಹತ್ತು ಕೆಜಿ ಸಕ್ಕರೆಯ ಮನೆಗೆ ಈಗ ಎರಡು ಕೆಜಿ ಸಾಕು, ಅದೂ ಸಕ್ಕರೆ ಕಾಯಿಲೆ ಇಲ್ಲದಿದ್ದರೆ. ಹಳೆ ಗಿರಾಕಿಯನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡರೂ ಹೊಸಬರು ಬಾಗಿಲು ಹತ್ತದಿದ್ದರೆ ಅಂಗಡಿ ಸೊರಗುತ್ತದೆ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ, ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ ಬಂದಾಗ, ಪರಊರಿನವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮುಂದೆ ಇಟ್ಟವರು ಇದನ್ನು ಬೇಗ ಅರ್ಥ ಮಾಡಿಕೊಂಡರು.

ಬಸ್ಸಿನ ವಿಷಯ ಹೇಳದಿದ್ದರೆ ಇಲ್ಲಿನ ವ್ಯಾಪಾರ ಅರ್ಥವಾಗುವುದಿಲ್ಲ. ಘಟ್ಟದ ಊರುಗಳಲ್ಲಿ ಬಸ್ಸೇ ಹೋಮ್ ಡೆಲಿವರಿ. ಬೆಳಿಗ್ಗೆ ಪಟ್ಟಿ ಡ್ರೈವರ್ ಕೈಯಲ್ಲಿ ಬರುತ್ತಿತ್ತು, ಸಂಜೆ ಚೀಲ ಅದೇ ಬಸ್ಸಿನಲ್ಲಿ ವಾಪಸ್. ಈಗ ಪಟ್ಟಿ ವಾಟ್ಸಾಪಿನಲ್ಲಿ ಬರುತ್ತದೆ, ಚೀಲ ಮಾತ್ರ ಇನ್ನೂ ಬಸ್ಸಿನಲ್ಲೇ ಹೋಗುತ್ತದೆ. ಕೊಪ್ಪದಲ್ಲಿ 1991ರಲ್ಲಿ ನೌಕರರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಬಸ್ಸು ನಿಂತರೆ ಅದನ್ನೇ ನಂಬಿದ ಅಂಗಡಿಯ ಗಿರಾಕಿಯೂ ದೂರವಾದಂತೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಬಯಲುಸೀಮೆಯ ಪೇಟೆಗಳ ಕಥೆ ಬೇರೆ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಟಿಕೆಟ್ ತೆಗೆಯಲೇಬೇಕು. ಅಂಗಡಿ ಎಲ್ಲಿ ಇಡಬೇಕು ಎನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಯಾವ ಬಸ್ಸು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರಲ್ಲಿದೆ.

ಯುಪಿಐ ಬಂದ ಮೇಲೆ ಒಂದು ಹೊಸ ಸಂಗತಿ ನೋಡುತ್ತಿದ್ದೇನೆ. ಹೊಸನಗರ ಕಡೆಯ ಅಂಗಡಿಯೊಂದರಲ್ಲಿ ಅಮ್ಮ ಪಟ್ಟಿ ಹೇಳುತ್ತಾರೆ, ದುಡ್ಡು ಬೆಂಗಳೂರಿನ ಮಗನ ಫೋನಿನಿಂದ ಬರುತ್ತದೆ. ಗಿರಾಕಿ ಈಗ ಇಬ್ಬರು. ಅಮ್ಮನಿಗೆ ಒಳ್ಳೆಯ ಉದ್ದಿನಬೇಳೆ ಬೇಕು, ಮಗನಿಗೆ ಬಿಲ್ಲಿನ ಫೋಟೋ ಬೇಕು. ಅಂಗಡಿಯವರು ಜಾಣರು. ಬಿಲ್ಲಿನ ಜೊತೆ "ಅಮ್ಮನ ಬಿಪಿ ಮಾತ್ರೆ ಮುಗೀತಾ ಬಂತಂತೆ, ತರಿಸಿ ಬಸ್ಸಿಗೆ ಹಾಕ್ಲಾ?" ಅಂತ ಒಂದು ಸಾಲು ಹಾಕುತ್ತಾರೆ. ಆ ಮಗ ದೀಪಾವಳಿಗೆ ಬಂದಾಗ ಕಾರು ನಿಲ್ಲಿಸುವುದು ಎಲ್ಲಿ ಅಂತ ಬೇರೆ ಹೇಳಬೇಕಾಗಿಲ್ಲ.

ಕೆಟ್ಟ ವರ್ಷದ ನಡವಳಿಕೆಯನ್ನೂ ಜನ ಮರೆಯುವುದಿಲ್ಲ. ಎಲೆಚುಕ್ಕಿ ರೋಗ ಬಂದು ತೋಟಗಳು ಒಣಗಿದ ಕಡೆ ಬಾಕಿ ಚುಕ್ತಾ ಆಗಲಿಲ್ಲ. ಕೆಲವರು ಪುಸ್ತಕ ಹಿಡಿದು ಮನೆ ಬಾಗಿಲಿಗೆ ಹೋದರು. ಕೆಲವರು ಹಳೆ ಬಾಕಿಯನ್ನು ಬೇರೆ ಪುಟಕ್ಕೆ ಎತ್ತಿಟ್ಟು, ಹೊಸದಕ್ಕೆ ಮಾತ್ರ ಆಯಾ ತಿಂಗಳು ಕೊಡಿ ಅಂದರು. ಎರಡನೆಯವರು ಧರ್ಮಕ್ಕೆ ಬಿಟ್ಟವರಲ್ಲ, ಪಕ್ಕಾ ವ್ಯಾಪಾರಸ್ಥರು. ಪೂರ್ತಿ ಕೇಳಿದರೆ ಗಿರಾಕಿ ಬರುವುದನ್ನೇ ಬಿಡುತ್ತಾನೆ, ಆಗ ಹಳೆಯದೂ ಇಲ್ಲ ಹೊಸದೂ ಇಲ್ಲ ಅನ್ನುವ ಲೆಕ್ಕ ಅವರಿಗೆ ಗೊತ್ತಿತ್ತು. ಅಡಿಕೆ ಮಾರಿಕೊಡುವ ಸಹಕಾರ ಸಂಘಗಳು ಹುಟ್ಟಿದ್ದರ ಹಿಂದೆಯೂ ಇಂಥದ್ದೇ ಲೆಕ್ಕ ಇದೆ. ಶಿರಸಿಯ ಟಿಎಸ್‌ಎಸ್ 1923ರದ್ದು, ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು. ಬೆಳೆಗಾರನೇ ಶೇರುದಾರ. ಟಿಎಸ್‌ಎಸ್ ಈಗ ಶಿರಸಿಯಲ್ಲಿ ಸೂಪರ್ ಮಾರ್ಕೆಟ್ಟನ್ನೂ ನಡೆಸುತ್ತದೆ. ಅಡಿಕೆ ಕೊಟ್ಟ ಸಂಘದಲ್ಲೇ ದಿನಸಿ. ಅಲ್ಲಿ ಗಿರಾಕಿಯನ್ನು ಹಿಡಿಯುವ ಪ್ರಶ್ನೆಯೇ ಸ್ವಲ್ಪ ಬೇರೆ, ಯಾಕೆಂದರೆ ಗಲ್ಲಾ ಅವನದ್ದೂ ಹೌದು.

ಇಷ್ಟೆಲ್ಲ ಈಗ ತಲೆಯಲ್ಲಿ ಸುತ್ತುತ್ತಿರುವುದಕ್ಕೆ ಕಾರಣ ನನ್ನ ಅಕ್ಕನ ಮಗ. ಬೆಂಗಳೂರಿನ ಕೆಲಸ ಬಿಟ್ಟು ಬಂದು ತೀರ್ಥಹಳ್ಳಿ ರಸ್ತೆಯಲ್ಲಿ ಅಂಗಡಿ ಇಡುತ್ತೇನೆ ಅನ್ನುತ್ತಿದ್ದಾನೆ. ಲ್ಯಾಪ್‌ಟಾಪಿನಲ್ಲಿ ಲೋಗೋ, ಆ್ಯಪ್, ಪಾಯಿಂಟ್ ಎಲ್ಲ ತೋರಿಸಿದ. ಚೆನ್ನಾಗಿತ್ತು, ಸುಮ್ನೆ ಹೇಳುತ್ತಿಲ್ಲ. ನಾನು ಕೇಳಿದ್ದು, "ನಿನ್ನ ಅಂಗಡಿ ಮುಂದೆ ಸಂಜೆ ಬಸ್ಸು ನಿಲ್ತದಾ?" ಅವನಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಅವನೇ ಬಸ್‌ಸ್ಟಾಪಿನಲ್ಲಿ ಕೂತು ಯಾವ ಬಸ್ಸಿಗೆ ಎಷ್ಟು ಜನ, ಯಾರ ಕೈಯಲ್ಲಿ ಯಾವ ಊರಿನ ಚೀಲ ಅಂತ ಬರೆದುಕೊಂಡು ಬಂದ. ಜಾಗವನ್ನು ಮುನ್ನೂರು ಮೀಟರ್ ಆಚೆಗೆ ಬದಲಿಸಿದ. ಮೈಲುತುತ್ತ ಮಾರುವುದಕ್ಕೆ ಬೇಕಾದ ಲೈಸೆನ್ಸ್ ಬಗ್ಗೆಯೂ ವಿಚಾರಿಸಿದ್ದಾನೆ.

ಉದ್ರಿಯ ವಿಷಯದಲ್ಲಿ ಮಾತ್ರ ನಮಗೆ ಇನ್ನೂ ಒಮ್ಮತ ಇಲ್ಲ. "ಮಾವ, ಎಲ್ಲರಿಗೂ ಐದು ಸಾವಿರದ ತನಕ. ಪುಸ್ತಕ ಎರಡು, ಒಂದು ನನ್ನ ಹತ್ರ, ಒಂದು ಅವ್ರ ಹತ್ರ. ದರ ಒಂದೇ" ಅನ್ನುತ್ತಾನೆ. ಎರಡು ಪುಸ್ತಕ, ಒಂದೇ ದರ, ಎರಡಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ಐದು ಸಾವಿರ ತೋಟದವರಿಗೆ ಒಂದು ತಿಂಗಳಿಗೂ ಸಾಲದು. ವಾರದ ಬಟವಾಡೆಯ ಮನೆಗೆ ಅದು ಹಗ್ಗವಾಗುತ್ತದೆ. ಅವರಿಗೆ ಒಂದು ವಾರದ ಸಾಮಾನಿನಷ್ಟೇ ಮಿತಿ ಇಡು, ಬೆಳೆಗಾರರಿಗೆ ತೋಟ ನೋಡಿ ಕೊಡು ಅಂತ ನನ್ನ ವಾದ. ಹಾಗೆ ಮಾಡಿದರೆ ಜನ ಜನಕ್ಕೆ ಒಂದು ರೂಲ್ಸು ಅಂತ ಊರೆಲ್ಲ ಬೈಯುತ್ತದೆ ಅಂತ ಅವನ ವಾದ. ಅಕ್ಕ ಮಧ್ಯೆ ಬಾಯಿ ಹಾಕಿ, "ಮೊದ್ಲು ಶೆಟರ್ ಹಾಕಿಸ್ರೋ" ಅಂದಳು. ಶೆಟರಿನವನು ಬುಧವಾರ ಬರುತ್ತೇನೆ ಅಂದಿದ್ದಾನೆ.